ಡ್ರೋನ್‌ನವನನ್ನು ಗೊತ್ತು ಮಾಡುವ ಮುಂಚೆ

ಚಿತ್ರದುರ್ಗ

ಪ್ರೀತಿಯ ಮಂಜು,

ಮದುವೆಗೆ ಡ್ರೋನ್ ಬೇಕು, ಯಾರನ್ನು ಕರೆಯಲಿ ಅಂತ ಕೇಳಿದ್ದೀಯ. ಮಂಟಪ ನೋಡಿಕೊಳ್ಳುವವಳು ನಾನು. ಸೀಸನ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಮುಹೂರ್ತಕ್ಕೂ ಒಬ್ಬ ಡ್ರೋನ್ ಹುಡುಗ ಬರುತ್ತಾನೆ. ಯಾರಿಗೆ ಕೆಲಸ ಗೊತ್ತು ಅನ್ನೋದು ಈಗ ಮಾತಿನಲ್ಲೇ ತಿಳಿಯುತ್ತದೆ. ಕೇಳಿದ್ದಕ್ಕೆಲ್ಲ ‘ಆಯ್ತು ಸಾರ್, ಮಾಡೋಣ’ ಅನ್ನುವವನು ಬೇಡ. ಎಲ್ಲಿ ಹಾರಿಸುವುದಿಲ್ಲ ಅಂತ ಮುಖಕ್ಕೆ ಹೇಳುವವನನ್ನು ಹುಡುಕು.

ನಮ್ಮ ಕೋಟೆಯನ್ನೇ ತಗೊ. ಪ್ರೀ ವೆಡ್ಡಿಂಗ್‌ಗೆ ಅದನ್ನು ಮೇಲಿನಿಂದ ತೆಗೆಸಬೇಕು ಅಂತ ನಿನ್ನ ಆಸೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ. ಅನುಮತಿ ಇಲ್ಲದೆ ಡ್ರೋನ್ ಬಿಡುವ ಹಾಗಿಲ್ಲ. ಹರಿಹರದ ದೇವಸ್ಥಾನಕ್ಕೂ ಅದೇ ಮಾತು. ‘ಬೆಳಗಿನ ಜಾವ ಹೋಗಿ ಎತ್ತಿಬಿಡೋಣ, ಯಾರೂ ನೋಡಲ್ಲ’ ಅನ್ನುವವರು ಸಿಗುತ್ತಾರೆ. ಸಿಕ್ಕಿಬಿದ್ದರೆ ಅವನ ಡ್ರೋನ್ ಹೋಗುತ್ತದೆ, ನೀನು ಠಾಣೆಯಲ್ಲಿ ಕೂರಬೇಕಾಗುತ್ತದೆ.

ಬೀಗರ ತೋಟ ಚಳ್ಳಕೆರೆ ಕಡೆ ಅಲ್ವಾ? ಅಲ್ಲಿ ಇನ್ನೂ ಎಚ್ಚರ ಬೇಕು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ಜಾಗ 2017ರಿಂದ ಅಲ್ಲೇ ಇದೆ. ತೋಟ ಯಾವ ಬಣ್ಣದ ವಲಯದಲ್ಲಿದೆ ಅಂತ ಡಿಜಿಟಲ್ ಸ್ಕೈ ಅನ್ನೋ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ನಿನ್ನ ಎದುರೇ ತೋರಿಸಲಿ. ಹಸಿರಾದರೆ 400 ಅಡಿವರೆಗೆ ಅನುಮತಿ ಬೇಡ. ಹಳದಿ, ಕೆಂಪಾದರೆ ಬೇಕು.

‘ನನ್ನದು 250 ಗ್ರಾಂ ಒಳಗಿನದು, ಯಾವ ಕಾಗದವೂ ಬೇಡ’ ಅನ್ನುವವರೇ ಈಗ ಜಾಸ್ತಿ. ಅಷ್ಟು ಚಿಕ್ಕದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ ಅನ್ನೋದು ನಿಜ. ಆದರೆ ಹೆಚ್ಚು ಹೊತ್ತು ಹಾರಲಿ ಅಂತ ದೊಡ್ಡ ಬ್ಯಾಟರಿ ಹಾಕಿದರೆ ತೂಕ ದಾಟಿಹೋಗುತ್ತದೆ. ಆಮೇಲೆ ಅದು ಮೈಕ್ರೋ ಡ್ರೋನ್. ದುಡ್ಡಿಗೆ ಹಾರಿಸಬೇಕಾದರೆ 2021ರ ಡ್ರೋನ್ ನಿಯಮದ ಪ್ರಕಾರ ಸರ್ಟಿಫಿಕೇಟ್ ಬೇಕು, ಮೂರನೆಯವರಿಗೆ ಏಟಾದರೆ ಪರಿಹಾರ ಕೊಡುವ ವಿಮೆಯೂ ಬೇಕು. ಕೆಂಪು ವಲಯ ಚಿಕ್ಕದಕ್ಕೂ ಕೆಂಪೇ. ಕಾಗದ ಕೇಳಲು ಸಂಕೋಚ ಬೇಡ. ಇದ್ದವನು ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ಗಾಳಿ. ದಾವಣಗೆರೆಯಲ್ಲಿ ಕೂತವರಿಗೆ ದುರ್ಗದ ಗಾಳಿ ಅಂದಾಜಾಗುವುದಿಲ್ಲ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಕೆಳಗೆ ಎಲೆ ಅಲುಗದಿದ್ದರೂ ಮೇಲೆ ಬೀಸುತ್ತಿರುತ್ತದೆ. ಗಾಳಿಯ ಜೊತೆ ದೂರ ಹೋದ ಡ್ರೋನ್ ವಾಪಸ್ ಬರುವಾಗ ಎದುರು ಗಾಳಿಗೆ ಬ್ಯಾಟರಿ ಬೇಗ ಖಾಲಿ ಮಾಡಿಕೊಳ್ಳುತ್ತದೆ. ಬಲ್ಲವನು ಮೊದಲು ಎದುರು ಗಾಳಿಗೆ ಹಾರಿಸಿ, ಬರುವಾಗ ಗಾಳಿಯ ಜೊತೆ ಬರುತ್ತಾನೆ. ಇದನ್ನು ಅವನಿಗೆ ಕೇಳಿ ನೋಡು. ಮುಖದಲ್ಲೇ ಉತ್ತರ ಸಿಗುತ್ತದೆ. ತೋಟದಲ್ಲಾದರೆ, ಸಿಗ್ನಲ್ ಹೋದಾಗ ಡ್ರೋನ್ ತಾನೇ ಮರಳುವ ಎತ್ತರವನ್ನು ತೆಂಗು, ಅಡಿಕೆಗಿಂತ ಮೇಲೆ ಇಟ್ಟಿದ್ದಾನಾ ನೋಡು. ಕರೆಂಟಿನ ತೆಳ್ಳನೆ ತಂತಿ ಅದರ ಸೆನ್ಸರಿಗೂ ಕಾಣುವುದಿಲ್ಲ. ಹದ್ದುಗಳಂತೂ ಬಂದು ಮೇಲೆರಗುತ್ತವೆ, ಅವಕ್ಕೆ ಯಾವ ನಿಯಮವೂ ಇಲ್ಲ.

ದುಡ್ಡಿನ ಮಾತು ವಾಟ್ಸಾಪ್‌ನಲ್ಲಿ ಬರೆದು ಇಟ್ಟುಕೋ. ಎಷ್ಟು ಬ್ಯಾಟರಿ ತರುತ್ತಾನೆ, ಎಡಿಟ್ ಮಾಡದ ವಿಡಿಯೊ ಪೂರ್ತಿ ಕೊಡುತ್ತಾನಾ, ಮಳೆ ಬಂದರೆ ಅಡ್ವಾನ್ಸ್ ಏನಾಗುತ್ತದೆ, ಎಲ್ಲ ಅದರಲ್ಲಿರಲಿ. ಅವನ ಇನ್‌ಸ್ಟಾಗ್ರಾಂನ ಮೂವತ್ತು ಸೆಕೆಂಡಿನ ರೀಲ್ ನೋಡಿ ಮರುಳಾಗಬೇಡ. ಹಿಂದಿನ ಯಾವುದಾದರೂ ಒಂದು ಕೆಲಸದ ಎಡಿಟ್ ಮಾಡದ ತುಣುಕು ತೋರಿಸು ಅನ್ನು. ಕೈ ನಡುಗುವುದು ಅಲ್ಲೇ ಕಾಣುವುದು.

ನನ್ನ ಕಡೆಯಿಂದ ಒಂದು ಷರತ್ತು. ಧಾರೆ ಹೊತ್ತಿಗೆ ಡ್ರೋನ್ ಮಂಟಪದೊಳಗೆ ಬರಕೂಡದು. ಸೂರಿನಡಿ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ, ತಲೆಯ ಮೇಲೆಲ್ಲ ಫ್ಯಾನು, ಕೆಳಗೆ ಮಕ್ಕಳು. ಅದರ ಸದ್ದಿಗೆ ಪುರೋಹಿತರ ಮಂತ್ರವೂ ಕೇಳಿಸುವುದಿಲ್ಲ. ದಿಬ್ಬಣ ಬರುವುದನ್ನು, ಹೊರಗಿನ ಚಪ್ಪರವನ್ನು ಬೇಕಾದಷ್ಟು ತೆಗೆಯಲಿ, ಜನರ ತಲೆಯ ಮೇಲೆ ಮಾತ್ರ ಬೇಡ.

ಯಾರು ಅಂತ ಗೊತ್ತಾದ ಮೇಲೆ ನನಗೆ ಫೋನ್ ಮಾಡಿಸು. ಮುಂಚಿನ ದಿನ ಸಂಜೆಯೇ ಬಂದು ಜಾಗ ನೋಡಿಕೊಳ್ಳಲಿ. ಟೆರೇಸ್ ಕೀ ನನ್ನ ಹತ್ತಿರವೇ ಇರುತ್ತದೆ.

ಇಂತಿ,
ನಿನ್ನ ಸೋದರತ್ತೆ