ಉಸಿರಾಟ ಕಲಿಸಿದ ಸೋದರಿಗೆ ಕೃತಜ್ಞತೆಗಳು

ತಂದೆಯವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾದ ಮೇಲೆ ವಾರ್ಡಿನಲ್ಲಿ ಅವರಿಗೆ ಉಸಿರಾಟದ ವ್ಯಾಯಾಮ ಕಲಿಸಿದ, ಹೆಸರು ಹೇಳಬಾರದೆಂದು ಕೋರಿರುವ ಫಿಜಿಯೋಥೆರಪಿಸ್ಟ್ ಸೋದರಿಗೆ ಈ ಮೂಲಕ ನಮ್ಮ ಕುಟುಂಬದ ಧನ್ಯವಾದಗಳನ್ನು ಅರ್ಪಿಸುತ್ತೇನೆ.

ಎದೆಮೂಳೆಯನ್ನು ಸೀಳಿ ತಂತಿಯಿಂದ ಬಿಗಿದ ನೋವಿಗೆ ಹೆದರಿ ರೋಗಿಗಳು ಮೇಲುಮೇಲೆ ಉಸಿರಾಡುತ್ತಾರೆ. ಆಗ ಶ್ವಾಸಕೋಶದ ತಳಭಾಗದ ಗಾಳಿಗೂಡುಗಳು ಕುಸಿದು, ಕಫ ಕಟ್ಟಿ, ನ್ಯುಮೋನಿಯಾಕ್ಕೆ ದಾರಿಯಾಗಬಹುದು ಎಂಬುದನ್ನು ಅವರು ತಂದೆಯವರಿಗೆ ತಿಳಿಯುವಂತೆ ವಿವರಿಸಿದರು. ಉಸಿರಾಟದ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡುಗಳ ಉಪಕರಣವಾದ ಸ್ಪೈರೋಮೀಟರನ್ನು ಊದಬಾರದು, ಅದರಿಂದ ಗಾಳಿಯನ್ನು ನಿಧಾನವಾಗಿ ಒಳಗೆಳೆದುಕೊಂಡು, ಮೇಲೇರಿದ ಚೆಂಡನ್ನು 2–3 ಸೆಕೆಂಡು ಅಲ್ಲೇ ನಿಲ್ಲಿಸಬೇಕು ಎಂದು ಪಕ್ಕದಲ್ಲೇ ಕುಳಿತು ತೋರಿಸಿದರು. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯುವುದನ್ನೂ ಅವರೇ ಕಲಿಸಿದರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಇದೇ, ಏಕೆಂದರೆ ಆ ಬಳಿಕವೇ ತಂದೆಯವರು ಧೈರ್ಯವಾಗಿ ಕೆಮ್ಮಿ ಕಫ ಹೊರಹಾಕಿದರು.

ಮನೆಗೆ ಹೊರಡುವಾಗ, ಹೊಟ್ಟೆಯ ಮೇಲೆ ಕೈಯಿಟ್ಟು ವಪೆಯಿಂದ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರದಿಂದ) ಉಸಿರಾಡುವ ಅಭ್ಯಾಸವನ್ನು ಹೇಳಿಕೊಟ್ಟು, ದೀರ್ಘ ಕುಂಭಕ (ಉಸಿರು ಬಿಗಿಹಿಡಿಯುವುದು), ರಭಸವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಎಂಬ ಯೋಗಾಭ್ಯಾಸಗಳನ್ನು ವೈದ್ಯರನ್ನು ಕೇಳದೆ ಮಾಡಕೂಡದೆಂದೂ, ವ್ಯಾಯಾಮವು ಮಾತ್ರೆಗೆ ಬದಲಿಯಲ್ಲವೆಂದೂ, ತಲೆಸುತ್ತು ಅಥವಾ ಎದೆನೋವು ಕಾಣಿಸಿದರೆ ಕೂಡಲೇ ನಿಲ್ಲಿಸಬೇಕೆಂದೂ ಎಚ್ಚರಿಸಿದರು. ಇಂದು ತಂದೆಯವರು ಮಹಡಿಯ ಮೆಟ್ಟಿಲುಗಳನ್ನು ಏದುಸಿರಿಲ್ಲದೆ ಹತ್ತುತ್ತಿದ್ದಾರೆ. ಸೋದರಿ, ಅದರಲ್ಲಿ ತಮ್ಮ ಶ್ರಮದ ಪಾಲು ದೊಡ್ಡದು.