ಮೇಷ್ಟ್ರ ಬಗ್ಗೆ ಮಾತನಾಡುವ ಮುನ್ನ

ಚಿಕ್ಕಮಗಳೂರು
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ತೀರಿಕೊಂಡ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಮೇಷ್ಟ್ರಿಗಾಗಿ ನಡೆಯುವ ಶನಿವಾರದ ನುಡಿನಮನ ಸಭೆಗೆಂದು ನೀನು ಬರೆದ ಭಾಷಣದ ಕರಡನ್ನು ನಿನ್ನ ಅಪ್ಪ ಮೊಬೈಲಿಗೆ ಕಳಿಸಿದ್ದ. ಮತ್ತೆ ಮತ್ತೆ ಓದಿದೆ. "ಸರಳ ಸಜ್ಜನಿಕೆಯ ಮೂರ್ತಿ", "ಶಿಸ್ತಿನ ಸಿಪಾಯಿ", "ಕ್ರೀಡಾಲೋಕದ ಧ್ರುವತಾರೆ", "ತುಂಬಲಾರದ ನಷ್ಟ" ಎಂದೆಲ್ಲ ಬರೆದಿದ್ದೀಯೆ. ಪುಟ್ಟಿ, ಇವಿಷ್ಟನ್ನೂ ಹೊಡೆದುಹಾಕು. ಸುಳ್ಳು ಎಂದು ನಾನು ಹೇಳುತ್ತಿಲ್ಲ. ಇವು ಸಮಾರಂಭಕ್ಕೆ ತರುವ ಬಾಡಿಗೆ ಪಾತ್ರೆಗಳ ಹಾಗೆ, ಎಲ್ಲರ ಮನೆಗೂ ಬರುತ್ತವೆ, ಯಾರ ಮನೆಯವೂ ಅಲ್ಲ. ನಮ್ಮ ಮೇಷ್ಟ್ರಿಗೆ ಮಾತ್ರ ಒಪ್ಪುವ ಸಾಲು ನಿನ್ನ ಕರಡಿನಲ್ಲಿ ಒಂದೇ ಒಂದಿದೆ: "ಅವರು ಚೆಂಡನ್ನು ನೋಡುತ್ತಿರಲಿಲ್ಲ, ನಮ್ಮ ಪಾದಗಳನ್ನು ನೋಡುತ್ತಿದ್ದರು." ಅಲ್ಲಿಂದ ಶುರು ಮಾಡು. ಅದು ನಿಜ, ನಾನು ಆಡುತ್ತಿದ್ದಾಗಲೂ ಅವರು ಹಾಗೆಯೇ ಇದ್ದರು. ರಿಂಗಿನೊಳಗೆ ಚೆಂಡು ಬಿದ್ದು ನಾವು ಕುಣಿಯುತ್ತಿದ್ದರೆ ಅವರು ಸೀಟಿ ಊದಿ, "ಪಿವಟ್ ಕಾಲು ಜಾರಿತು, ಮತ್ತೊಮ್ಮೆ" ಎನ್ನುತ್ತಿದ್ದರು. ಚೆಂಡು ಹಿಡಿದು ತಿರುಗುವಾಗ ನೆಲ ಬಿಡಬಾರದ ಕಾಲು ಅದು. ಅದು ಜಾರಿದರೆ, ಬಿದ್ದ ಚೆಂಡಿಗೆ ಅವರಲ್ಲಿ ಲೆಕ್ಕವೇ ಇರಲಿಲ್ಲ.

ಅಮೆರಿಕದಲ್ಲಿ ಜಾನ್ ವುಡನ್ ಎಂಬ ಕಾಲೇಜು ಕೋಚ್ ಇದ್ದರು. ಅವರ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ 1964ರಿಂದ 1975ರ ನಡುವೆ 10 ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2010ರಲ್ಲಿ, ತೊಂಬತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ದೊಡ್ಡವರ ಬಗ್ಗೆ ಮಾತೆತ್ತಿದಾಗಲೆಲ್ಲ ಅವರ ಶಿಷ್ಯರು ಹೇಳುತ್ತಿದ್ದದ್ದು ಕಾಲುಚೀಲದ ಕತೆ. ವರ್ಷದ ಮೊದಲ ಅಭ್ಯಾಸದ ದಿನ, ಕಾಲುಚೀಲವನ್ನು ಸುಕ್ಕಿಲ್ಲದಂತೆ ಎಳೆದು ಹಾಕುವುದು ಹೇಗೆ, ಲೇಸ್ ಕಟ್ಟುವುದು ಹೇಗೆ ಎಂದು ಅವರು ಕಲಿಸುತ್ತಿದ್ದರಂತೆ. ಸುಕ್ಕು ಇದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಓಡಲಾರ. ಹತ್ತು ಪ್ರಶಸ್ತಿಗಳು ದಾಖಲೆ ಪುಸ್ತಕದಲ್ಲಿ ಹೇಗೂ ಇರುತ್ತವೆ. ಕಾಲುಚೀಲವನ್ನು ಶಿಷ್ಯರು ಹೇಳದಿದ್ದರೆ ಇನ್ನಾರು ಹೇಳಬೇಕು? ನಮ್ಮ ಮೇಷ್ಟ್ರ ಹೆಸರು ಯಾವ ದಾಖಲೆ ಪುಸ್ತಕದಲ್ಲೂ ಇಲ್ಲ. ಆದ್ದರಿಂದ ಸಣ್ಣ ಸಂಗತಿಗಳನ್ನು ಕಾಪಾಡುವ ಹೊಣೆ ನಿನ್ನ ಮೇಲೆ, ನನ್ನ ಮೇಲೆ, ಅವರ ಕೈಕೆಳಗೆ ಆಡಿದವರೆಲ್ಲರ ಮೇಲೆ ಇನ್ನೂ ಹೆಚ್ಚಾಗಿದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಾನು ಕಾಲೇಜು ಸೇರಿದ ಕಾಲದಲ್ಲಿ ಹಾಸನದ ನಮ್ಮ ಬೀದಿಯ ಹುಡುಗಿಯರು ಲಂಗ ದಾವಣಿ ಬಿಟ್ಟು ಬೇರೆ ಉಡುಪಿನಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ. ಪ್ಯಾಂಟು ಹಾಕಿಕೊಂಡು ಬೆಳಗಿನ ಜಾವ ಮೈದಾನದಲ್ಲಿ ಓಡುವ ಮಾತಿಗೆ ನಿನ್ನ ತಾತ ಸುತರಾಂ ಒಪ್ಪಲಿಲ್ಲ. ಮೇಷ್ಟ್ರು ಒಂದು ಸಂಜೆ ಸೈಕಲ್ಲಿನಲ್ಲಿ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. ನಿಮ್ಮ ಮಗಳು ಊರಿಗೆ ಕೀರ್ತಿ ತರುತ್ತಾಳೆ ಎಂಬಂಥ ಮಾತು ಒಂದನ್ನೂ ಆಡಲಿಲ್ಲ. ಅಭ್ಯಾಸ ಆರರಿಂದ ಏಳೂವರೆಯವರೆಗೆ. ನಿಮ್ಮ ಬೀದಿಯಿಂದಲೇ ಇನ್ನೊಬ್ಬಳು ಬರುತ್ತಾಳೆ, ಇಬ್ಬರೂ ಜೊತೆಯಾಗಿ ಬರಲಿ, ಜೊತೆಯಾಗಿ ಹೋಗಲಿ. ಕೊನೆಯ ಹುಡುಗಿ ಹೊರಡುವವರೆಗೆ ನಾನು ಗೇಟಿನಲ್ಲಿ ನಿಂತಿರುತ್ತೇನೆ. ಮೈಸೂರಿಗೆ ಪಂದ್ಯಕ್ಕೆ ಹೋದರೆ ಉಪನ್ಯಾಸಕಿಯೊಬ್ಬರು ಜೊತೆಗಿರುತ್ತಾರೆ, ಇಳಿದುಕೊಳ್ಳುವುದು ಮಹಿಳಾ ಹಾಸ್ಟೆಲಿನಲ್ಲಿ. ಇಷ್ಟೇ ಹೇಳಿದರು. ತಾತ, "ಓದು ಏನಾಗಬೇಕು?" ಎಂದು ಕೇಳಿದರು. ಮೇಷ್ಟ್ರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಹಿಂದಿನ ವರ್ಷ ತಂಡದಲ್ಲಿದ್ದ ಹುಡುಗಿಯರ ಅಂಕಪಟ್ಟಿಯನ್ನು ಕೈಯಲ್ಲಿ ಬರೆದುಕೊಂಡು ಬಂದಿದ್ದರು! ಆ ಪ್ರಶ್ನೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ತಾತ ಅದನ್ನು ಓದಿ, ಕನ್ನಡಕ ತೆಗೆದಿಟ್ಟು, ಒಳಗೆ ತಿರುಗಿ ಕಾಫಿ ತರಲು ಹೇಳಿದರು. ನಮ್ಮ ಮನೆಯಲ್ಲಿ ಅದೇ ಒಪ್ಪಿಗೆ. ನೀನು ಇವತ್ತು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಯಾರನ್ನೂ ಕೇಳದೆ ಹೊರಡುತ್ತೀಯಲ್ಲ, ಅದರ ಹಿಂದೆ ಆ ಮಡಿಸಿದ ಕಾಗದವಿದೆ. ಇದನ್ನು ಸಭೆಯಲ್ಲಿ ಹೇಳಬಹುದು, ನನ್ನ ಅನುಮತಿ ಇದೆ. ಮುಂದಿನ ಸಾಲಿನಲ್ಲಿ ಮಗಳನ್ನು ಆಟಕ್ಕೆ ಕಳಿಸಲು ಹಿಂಜರಿಯುವ ತಂದೆಯೊಬ್ಬರು ಕುಳಿತಿದ್ದರೂ ಇರಬಹುದು.

ಅಂಕಣದ ಗೆರೆಗಳ ಬಗ್ಗೆಯೂ ಹೇಳು. ಬಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಬಾ 1984ರಲ್ಲಿ ಮೂರು ಅಂಕದ ಗೆರೆಯನ್ನು ತಂದಿತು, ರಿಂಗಿನಿಂದ 6.25 ಮೀಟರ್ ದೂರಕ್ಕೆ. ಅದರಾಚೆಯಿಂದ ಎಸೆದು ಹಾಕಿದರೆ ಎರಡರ ಬದಲು ಮೂರು ಅಂಕ. ಆ ಸುದ್ದಿ ನಮ್ಮ ಅಂಕಣದವರೆಗೆ ಬರುವಾಗ ನಾನು ಕೊನೆಯ ವರ್ಷದಲ್ಲಿದ್ದೆ. ಮೇಷ್ಟ್ರು ರಿಂಗಿನ ನೇರಕ್ಕೆ ನೆಲದಲ್ಲಿ ಮೊಳೆ ಊರಿ, ಹುರಿ ಕಟ್ಟಿ, ಅದರ ತುದಿಗೆ ಸೀಮೆಸುಣ್ಣ ಸಿಕ್ಕಿಸಿ ಕಮಾನು ಎಳೆದರು. ನಾವು ಹಿಂದೆಯೇ ಬಣ್ಣ ಬಳಿಯುತ್ತಾ ಹೋದೆವು. 2010ರಲ್ಲಿ ಆ ಗೆರೆ 6.75 ಮೀಟರಿಗೆ ಸರಿಯಿತು. ಆಗಲೂ ಅವರೇ ಮೊಳೆ ಊರಿ ಹುರಿ ಹಿಡಿದರಂತೆ. ನೀನು ಈಗ ನಿಂತು ಎಸೆಯುವ ಗೆರೆ ಅದು. ಅದರೊಳಗೆ, ಮಳೆ ಬಂದು ನೆಲ ಒದ್ದೆಯಾದಾಗ ಮಸುಕಾಗಿ ಕಾಣುವ ಇನ್ನೊಂದು ಕಮಾನು ನಮ್ಮದು.

2000ದಲ್ಲಿ ಇನ್ನೂ ದೊಡ್ಡ ಬದಲಾವಣೆ ಬಂತು. ಇಪ್ಪತ್ತು ನಿಮಿಷಗಳ ಎರಡು ಅವಧಿ ಹೋಗಿ ಹತ್ತು ನಿಮಿಷಗಳ ನಾಲ್ಕು ಅವಧಿಗಳಾದವು, ಚೆಂಡು ಕೈಗೆ ಬಂದ ಮೇಲೆ ರಿಂಗಿಗೆ ಎಸೆಯಲು ಇದ್ದ 30 ಸೆಕೆಂಡು 24ಕ್ಕೆ ಇಳಿಯಿತು. ಕಾಲೇಜಿನಲ್ಲಿ ಅದನ್ನು ತೋರಿಸುವ ಗಡಿಯಾರ ಇರಲಿಲ್ಲ. ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ಅಂಕಣದ ಅಂಚಿನಲ್ಲಿ ಓಡುತ್ತಾ "ಹತ್ತು, ಒಂಬತ್ತು, ಎಂಟು" ಎಂದು ಗಟ್ಟಿಯಾಗಿ ಕೂಗುತ್ತಿದ್ದರೆಂದು ಆಗಿನವರು ಹೇಳುತ್ತಾರೆ. ನಿಮ್ಮ ಕಾಲದಲ್ಲೂ ಕೂಗುತ್ತಿದ್ದರೆ? ನಿವೃತ್ತಿಯಾದ ಮೇಲೂ ಸಂಬಳವಿಲ್ಲದೆ ಬಂದು ಕಲಿಸಿದವರು. ಆ ವರ್ಷಗಳನ್ನು ಕಣ್ಣಾರೆ ಕಂಡವಳು ನೀನು. ಅದನ್ನು ನೀನೇ ಹೇಳಬೇಕು.

ಇನ್ನೊಂದು ಮಾತು, ಇದನ್ನು ಕೇಳಿ ನೀನು ಹಿಂಜರಿಯಬಹುದು. ಅವರ ತಪ್ಪುಗಳನ್ನೂ ಹೇಳು. ಅವರು ಸಿಡುಕರು. ಉಸಿರು ಕಟ್ಟಿ ಕುಳಿತವರ ಮೇಲೆ ರೇಗುತ್ತಿದ್ದರು, ಅದರಿಂದ ನೊಂದು ಆಟ ಬಿಟ್ಟವರಿದ್ದಾರೆ. ಮೈಸೂರಿನಲ್ಲಿ ನಡೆದ ಅಂತರಕಾಲೇಜು ಪಂದ್ಯವೊಂದರಲ್ಲಿ, ನಮ್ಮ ಒಳ್ಳೆಯ ಆಟಗಾರ್ತಿಗೆ ನಾಲ್ಕು ಫೌಲ್ ಆಗಿತ್ತು. ಐದಾದರೆ ಹೊರಗೆ ಹೋಗಬೇಕೆಂದು ಹೆದರಿ ಅವಳನ್ನು ಬೆಂಚಿನಲ್ಲಿ ಕೂರಿಸಿದವರು, ಮತ್ತೆ ಇಳಿಸುವಷ್ಟರಲ್ಲಿ ಪಂದ್ಯ ಕೈಬಿಟ್ಟಿತ್ತು. ವಾಪಸು ಬರುವಾಗ, ಆಗಿನ ಮೀಟರ್ ಗೇಜ್ ರೈಲು ಹೊಳೆನರಸೀಪುರ ದಾಟಿದ ಮೇಲೆ, ನಮ್ಮ ಹತ್ತಿರ ಬಂದು ಕುಳಿತು, "ಐದನೆಯ ಫೌಲಿಗೆ ಹೆದರಿ ನಾನೇ ಅವಳನ್ನು ಆಟದಿಂದ ಹೊರಗಿಟ್ಟೆ. ಸೋತದ್ದು ನೀವಲ್ಲ" ಎಂದರು. ಹದಿನೆಂಟು ಹತ್ತೊಂಬತ್ತರ ಹುಡುಗಿಯರ ಮುಂದೆ ಹಾಗೆ ಒಪ್ಪಿಕೊಂಡ ಹಿರಿಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರ ತಪ್ಪನ್ನು ಮುಚ್ಚಿಟ್ಟರೆ ಈ ರೈಲಿನ ಮಾತನ್ನೂ ಮುಚ್ಚಿಟ್ಟಂತಾಗುತ್ತದೆ. ಅವರನ್ನು ಹಾರ ಹಾಕಿದ ಪಟವಾಗಿ ನೋಡಲು ನನಗೆ ಇಷ್ಟವಿಲ್ಲ.

ಅವರ ನೋಟ್‌ಬುಕ್ಕುಗಳ ವಿಷಯಕ್ಕೆ ಬರುತ್ತೇನೆ, ಇದು ತುರ್ತಿನದು. ಪಂದ್ಯದ ಅಧಿಕೃತ ಸ್ಕೋರ್ ಹಾಳೆಯಲ್ಲಿ ಚೆಂಡು ಹಾಕಿದವರ ಅಂಕ ಇರುತ್ತದೆ, ಫೌಲ್ ಇರುತ್ತದೆ, ಪಾಸ್ ಕೊಟ್ಟವರ ಸುಳಿವು ಇರುವುದಿಲ್ಲ. ಮೇಷ್ಟ್ರು ರೂಲು ಹಾಕಿದ ಪುಸ್ತಕದಲ್ಲಿ ಪಾಸ್ ಕೊಟ್ಟವರಿಗೆಂದೇ ಒಂದು ಸಾಲು ಇಟ್ಟಿದ್ದರು. ಪಂದ್ಯದ ಮರುದಿನ ಮೊದಲು ಓದುತ್ತಿದ್ದದ್ದು ಆ ಸಾಲನ್ನು. ನಾನು ಹೆಚ್ಚು ಅಂಕ ಗಳಿಸಿದವಳಲ್ಲ, ಆದರೆ ಆ ಸಾಲಿನಲ್ಲಿ ನನ್ನ ಹೆಸರು ಬಂದ ದಿನ ಮನೆಯವರೆಗೆ ಓಡುತ್ತಲೇ ಹೋಗಿದ್ದೆ. ಆ ಪುಸ್ತಕಗಳು ಅವರ ಮನೆಯಲ್ಲೇ ಇರಬೇಕು. ಉತ್ತರಕ್ರಿಯೆ ಮುಗಿದು ಮನೆ ಶುಚಿಮಾಡುವಾಗ ಹಳೆಯ ಪೇಪರಿನವನ ತಕ್ಕಡಿಗೆ ಹೋಗಿಬಿಡುವ ಭಯ ನನಗಿದೆ. ಅವರ ಮನೆಯವರನ್ನು ಕಂಡು, ಮರ್ಯಾದೆಯಿಂದ ಕೇಳಿ, ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು, ಪುಸ್ತಕಗಳನ್ನು ಅವರಿಗೇ ಹಿಂದಿರುಗಿಸು.

ಹಾಗೆ ಹೋಗುವುದು ಒಂದು ದಿನದ ಭೇಟಿಯಾಗಬಾರದು. ಈಗ ಅವರ ಮನೆ ತುಂಬಾ ಜನ. ಕಾರ್ಯ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ, ಆಗ ಮೇಷ್ಟ್ರ ಪತ್ನಿ, ಅಮ್ಮನವರು, ಒಂಟಿಯಾಗುತ್ತಾರೆ. ಕುಟುಂಬ ಪಿಂಚಣಿಗೆ ಮರಣ ಪ್ರಮಾಣಪತ್ರ, ಬ್ಯಾಂಕಿನ ಕಾಗದ, ಖಜಾನೆಯ ಓಡಾಟ ಎಲ್ಲ ಇರುತ್ತದೆ. ನಿಮ್ಮಲ್ಲಿ ಇಬ್ಬರು ಅರ್ಜಿ ತುಂಬಿಸಲು, ಜೊತೆಗೆ ಹೋಗಲು ನಿಲ್ಲಿ. ಹುಡುಗರು ಎನ್.ಆರ್. ವೃತ್ತದಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಲು ಚಂದಾ ಎತ್ತುತ್ತಿದ್ದಾರೆಂದು ನಿನ್ನ ಅಪ್ಪ ಹೇಳಿದ. ಬೇಡವೆಂದು ಜಗಳವಾಡಬೇಡ, ಅವರದೂ ದುಃಖವೇ. ಆದರೆ ಆ ಹಣದಲ್ಲಿ ಅರ್ಧವನ್ನಾದರೂ ಅಂಕಣಕ್ಕೆ ಎತ್ತಿಡಲು ಕೇಳು.

2015ರ ಫೆಬ್ರುವರಿಯಲ್ಲಿ ಅಮೆರಿಕದ ಇನ್ನೊಬ್ಬ ಕಾಲೇಜು ಕೋಚ್, ಡೀನ್ ಸ್ಮಿತ್, ತೀರಿಕೊಂಡರು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಮೂವತ್ತಾರು ಋತುಗಳ ಕಾಲ ಕಲಿಸಿದವರು, ಹೆಸರಾಂತ ಆಟಗಾರ ಮೈಕೆಲ್ ಜೋರ್ಡನ್‌ಗೂ ಗುರು. ತಮ್ಮ ತಂಡದಲ್ಲಿ ಆಡಿದ್ದ ಸುಮಾರು 180 ಮಂದಿಗೆ ತಲಾ 200 ಡಾಲರ್ ಬರೆದಿಟ್ಟಿದ್ದರು, ಹೊರಗೆ ಹೋಗಿ ಒಂದು ಊಟ ಮಾಡಿ ಎಂದು. ಜೋರ್ಡನ್ನನಿಗೂ ಅಷ್ಟೇ, ಬೆಂಚಿನಲ್ಲಿ ಕುಳಿತವನಿಗೂ ಅಷ್ಟೇ. ಇದನ್ನು ಓದಿದಾಗ ನನಗೆ ನಮ್ಮ ಮೇಷ್ಟ್ರ ಪುಸ್ತಕ ನೆನಪಾಗಿತ್ತು, ಏಕೆಂದರೆ ಚೆಂಡು ಹಾಕಿದವರು ಪಾಸ್ ಕೊಟ್ಟವರ ಕಡೆ ಬೆರಳು ತೋರಿಸಬೇಕೆಂದು ಅಭ್ಯಾಸ ಮಾಡಿಸಿದವರು ಈ ಸ್ಮಿತ್. ಶನಿವಾರ ವೇದಿಕೆಯ ಮೇಲೆ ದೊಡ್ಡ ಹುದ್ದೆಗೇರಿದ ಹಳೆಯ ಆಟಗಾರರನ್ನು ಕೂರಿಸುತ್ತಾರೆ. ನೀನು ಹೆಸರು ಹೇಳುವಾಗ ಬೆಂಚಿನಲ್ಲಿ ಕುಳಿತು ವರ್ಷ ಕಳೆದವರನ್ನೂ ಸೇರಿಸು.

ಆಟವನ್ನೇ ಬಿಟ್ಟುಬಿಡುತ್ತೇನೆ ಎಂದು ನಿನ್ನ ಅಮ್ಮನ ಹತ್ತಿರ ಹೇಳಿದೆಯಂತೆ. ಇದೊಂದು ನಿರ್ಧಾರವನ್ನು ಈ ತಿಂಗಳು ಮಾಡಬೇಡ. ಅಂಕಣಕ್ಕೆ ಕಾಲಿಡಲು ಮನಸ್ಸಾಗದಿದ್ದರೆ ಸುಮ್ಮನೆ ಹೋಗಿ ಕುಳಿತುಕೋ. ಪ್ರಥಮ ವರ್ಷದ ಹುಡುಗಿಯರು ಮೇಷ್ಟ್ರನ್ನು ಸರಿಯಾಗಿ ಕಂಡೇ ಇಲ್ಲ, ಯಾರ ಮುಖ ನೋಡಬೇಕೆಂದು ತಿಳಿಯದೆ ನಿಂತಿರುತ್ತಾರೆ. ಅವರಲ್ಲಿ ಒಬ್ಬಳ ಪಾದ ತಪ್ಪಿದ್ದು ಕಂಡರೆ ಎದ್ದು ಹೋಗಿ ತಿದ್ದು. ನಾಳೆ ಹೊಸ ಕೋಚ್ ಬರುತ್ತಾರೆ. ಅವರ ರೀತಿ ಬೇರೆಯಾಗಿರುತ್ತದೆ, ಬೇರೆಯಾಗಿಯೇ ಇರಲಿ. "ನಮ್ಮ ಮೇಷ್ಟ್ರು ಹೀಗೆ ಮಾಡುತ್ತಿರಲಿಲ್ಲ" ಎಂಬ ಮಾತು ನಿನ್ನ ಬಾಯಲ್ಲಿ ಬರಕೂಡದು. ಸತ್ತವರ ಹೆಸರನ್ನು ಬದುಕಿರುವವರ ಮೇಲೆ ಎತ್ತಿ ಹೊಡೆದರೆ ಇಬ್ಬರಿಗೂ ಅವಮಾನ.

ಭಾಷಣ ಐದು ನಿಮಿಷ ಮೀರದಿರಲಿ. ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡು. ಅಳು ಬಂದರೆ ನಿಲ್ಲಿಸಿ, ನೀರು ಕುಡಿದು, ಬಿಟ್ಟಲ್ಲಿಂದ ಮುಂದುವರಿಸು. ಯಾರೂ ತಪ್ಪು ತಿಳಿಯುವುದಿಲ್ಲ.

ನಾನು ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬೇಲೂರಿನ ಮೇಲೆ ಹಾಸನಕ್ಕೆ ಬರುತ್ತೇನೆ. ಸಭೆ ಮುಗಿದ ಮೇಲೆ ನಾವಿಬ್ಬರೂ ಅಂಕಣಕ್ಕೆ ಹೋಗೋಣ. ಉತ್ತರದ ಕಡೆಯ ರಿಂಗು ಬಗ್ಗಿದೆ, ಬಲೆ ಹರಿದಿದೆ ಎಂದು ಕಳೆದ ಸಲ ನೀನೇ ಹೇಳಿದ್ದೆ. ರಿಂಗಿನ ಎತ್ತರ 3.05 ಮೀಟರ್ ಇರಬೇಕು. 1891ರಲ್ಲಿ ಜೇಮ್ಸ್ ನೈಸ್ಮಿತ್ ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆದದ್ದು ಹತ್ತು ಅಡಿಗೆ, ಈಗಲೂ ಅಷ್ಟೇ ಎಂದು ಮೇಷ್ಟ್ರು ಪ್ರತಿ ವರ್ಷ ಹೊಸಬರಿಗೆ ಹೇಳಿ ಟೇಪ್ ಹಿಡಿದು ತೋರಿಸುತ್ತಿದ್ದರು. ನಿನ್ನ ಅಪ್ಪನ ಹತ್ತಿರ ಉದ್ದದ ಟೇಪ್ ಇದೆ, ಕೇಳಿ ತೆಗೆದಿಟ್ಟುಕೋ. ವೆಲ್ಡಿಂಗ್ ಮಾಡುವವರಿಗೆ ಒಂದು ಮಾತು ಹೇಳಿಟ್ಟಿರು. ಖರ್ಚು ನನ್ನದು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ