ಮಗಳಿಗೊಂದು ಪತ್ರ: ಅಂಕಿ ಕಂಡಲ್ಲೆಲ್ಲ ಸಂಖ್ಯೆ ಇರುವುದಿಲ್ಲ

ಪ್ರೀತಿಯ ಪುಟ್ಟಿ,

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 5 ಮತ್ತು 3 ಕೊಟ್ಟರೆ ಮೊತ್ತ 53 ಬರುತ್ತಿದೆ ಅಂದೆಯಲ್ಲ, ಪೈಥಾನ್‌ಗೆ ಕೂಡಲು ಬಾರದೆ ಹಾಗಾದದ್ದಲ್ಲ. ಕೀಬೋರ್ಡಿನಲ್ಲಿ ಏನೇ ಒತ್ತಿದರೂ ಇನ್‌ಪುಟ್ ಫಂಕ್ಷನ್ ಅದನ್ನು ಸ್ಟ್ರಿಂಗ್ ಆಗಿಯೇ, ಅಂದರೆ ಅಕ್ಷರಗಳ ಸಾಲಾಗಿಯೇ ಕೊಡುತ್ತದೆ. ಸ್ಟ್ರಿಂಗ್‌ಗಳ ನಡುವೆ + ಹಾಕಿದರೆ ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಳ್ಳುತ್ತದೆ. ಎರಡನ್ನೂ ಇಂಟ್ ಫಂಕ್ಷನ್‌ಗೆ ಕೊಟ್ಟು ಪೂರ್ಣಾಂಕ ಮಾಡಿಕೊಂಡು ಆಮೇಲೆ ಕೂಡು, 8 ಬರುತ್ತದೆ. ಪ್ರಿಂಟ್ ಮಾಡಿದಾಗ 5 ಮತ್ತು "5" ಎರಡೂ ಒಂದೇ ಥರ ಕಾಣುತ್ತವೆ, ಅದೇ ಮೋಸ. ಅನುಮಾನ ಬಂದರೆ ಅದು ಯಾವ ಬಗೆಯದೆಂದು ಟೈಪ್ ಫಂಕ್ಷನ್‌ನಿಂದ ಕೇಳಿ ನೋಡು.

ಇಂಟ್‌ಗೆ "12" ಸುತ್ತ ಖಾಲಿ ಜಾಗವಿದ್ದರೂ ನಡೆಯುತ್ತದೆ, ಕನ್ನಡದ "೧೨" ಕೊಟ್ಟರೂ 12 ಎಂದೇ ಓದುತ್ತದೆ. ಆದರೆ "12.5" ಅಥವಾ "1,250" ಕೊಟ್ಟರೆ ವ್ಯಾಲ್ಯೂ ಎರರ್ ಎಂಬ ದೋಷ ತೋರಿಸಿ ನಿಲ್ಲುತ್ತದೆ. ಚುಕ್ಕೆಯಿದ್ದರೆ ದಶಮಾಂಶ ಸಂಖ್ಯೆ ಮಾಡಿಕೊಡುವ ಫ್ಲೋಟ್ ಬಳಸು, ಅಲ್ಪವಿರಾಮವಿದ್ದರೆ ರಿಪ್ಲೇಸ್ ಹಾಕಿ ಮೊದಲು ತೆಗೆ.

ಫ್ಲೋಟ್‌ನಲ್ಲಿ ದುಡ್ಡಿನ ಲೆಕ್ಕ ಇಡಬೇಡ. 0.1 + 0.2 ಎಂದು ಹಾಕಿದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಸಂಖ್ಯೆಯನ್ನು ಸೊನ್ನೆ, ಒಂದರಲ್ಲೇ ಬರೆದಿಡುತ್ತದೆ. ನಮಗೆ ಮೂರರಲ್ಲೊಂದು ಭಾಗ 0.333 ಎಂದು ಮುಗಿಯದೆ ಹೋಗುವ ಹಾಗೆ, ಅದಕ್ಕೆ ಹತ್ತರಲ್ಲೊಂದು ಭಾಗ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹನ್ನೆರಡೂವರೆ ರೂಪಾಯಿಯನ್ನು 1250 ಪೈಸೆ ಎಂದು ಇಂಟ್‌ನಲ್ಲಿಡು, ತೋರಿಸುವಾಗ ಮಾತ್ರ ನೂರರಿಂದ ಭಾಗಿಸು.

ಫೋನ್ ನಂಬರ್, ಪಿನ್‌ಕೋಡ್ ಇವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಸ್ಟ್ರಿಂಗ್ ಆಗಿಯೇ ಇರಲಿ. ಮೈಸೂರಿನ ಎಸ್‌ಟಿಡಿ ಕೋಡ್ "0821" ಅನ್ನು ಇಂಟ್‌ಗೆ ಕೊಟ್ಟರೆ ಮುಂದಿನ ಸೊನ್ನೆ ಹೋಗಿ 821 ಉಳಿಯುತ್ತದೆ.

ನಿಜವೋ ಸುಳ್ಳೋ ಎಂದಷ್ಟೇ ಹೇಳುವ ಬಗೆಯಾದ ಬೂಲ್‌ನಲ್ಲಿ ಇರುವುದು ಟ್ರೂ, ಫಾಲ್ಸ್ ಎರಡೇ. ಆದರೂ "ಫಾಲ್ಸ್" ಎಂಬ ಪದವನ್ನೇ ಸ್ಟ್ರಿಂಗ್ ಮಾಡಿ ಬೂಲ್‌ಗೆ ಕೊಟ್ಟರೆ ಟ್ರೂ ಅನ್ನುತ್ತದೆ. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಅದಕ್ಕೆ ಟ್ರೂ. ಹೌದೋ ಅಲ್ಲವೋ ಎಂದು ಕೇಳಿದಾಗ ಬಂದ ಉತ್ತರವನ್ನು == ಹಾಕಿ "ಹೌದು" ಜೊತೆ ಹೋಲಿಸು.

ಇನ್ನೊಂದು, ಕನ್ನಡ ಬರೆಯುವವರು ತಿಳಿದಿರಲೇಬೇಕಾದ್ದು. "ಕನ್ನಡ" ಪದದ ಉದ್ದವನ್ನು ಲೆನ್ ಫಂಕ್ಷನ್ 5 ಅನ್ನುತ್ತದೆ. ಕಣ್ಣಿಗೆ ಕಾಣುವುದು ಮೂರಕ್ಷರ, ಒಳಗಿರುವುದು ಕ, ನ, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ (್), ನ, ಡ. "ಕಿವಿ"ಯನ್ನು [::-1] ಹಾಕಿ ತಿರುಗಿಸಿ ನೋಡು: ಗುಡಿಸೊಂದು ವ್ಯಂಜನವಿಲ್ಲದೆ ಮುಂದೆ ಒಂಟಿಯಾಗಿ ನಿಂತಿರುತ್ತದೆ. ಹಾಗಾಗಿ ಹೆಸರು ಹತ್ತು ಅಕ್ಷರ ಮೀರಬಾರದು ಎಂದು ಲೆನ್ ನಂಬಿ ಮಿತಿ ಹಾಕಬೇಡ.

ನಿನ್ನ
ಅಮ್ಮ